ಅತ್ತೆ ದಾಟಿಸದೆ ಬಿಟ್ಟ ಮಾತು

ಆ ಮನೆಯ ಕಿರಿಸೊಸೆಗೆ ಮೂಗಿನ ತುದಿಯಲ್ಲೇ ಕೋಪ. ಓರಗಿತ್ತಿ ಬೆಸುಗೆ ಹಾಕಿದ ಎಲೆಕ್ಟ್ರಾನಿಕ್ ಬೋರ್ಡೊಂದು ಸುಟ್ಟುಹೋದಾಗ, "ಅವರ ಕೈಕೆಲಸವೇ ಸರಿಯಿಲ್ಲ" ಎಂದು ಮನೆಮಂದಿಯ ಎದುರೇ ಅಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಗಂತ ಕೆಲಸ ನಿಲ್ಲುತ್ತದೆಯೇ? ನಡುಮನೆಯ ಒಂದೇ ಮೇಜಿನ ಮೇಲೆ ಹಿರಿಯಳು ಬೆಸುಗೆ ಹಾಕುವಳು, ಕಿರಿಯಳು ಚಿಪ್ಪಿಗೆ ಪ್ರೋಗ್ರಾಂ ಬರೆಯುವಳು. ಮಾತೇನಿದ್ದರೂ ಕುರ್ಚಿಯಲ್ಲಿ ಕೂತ ಅತ್ತೆಯ ಮೂಲಕ. "ಅತ್ತೆ, ಅವಳಿಗೆ ತಂತಿ ಈ ಕಡೆ ತಳ್ಳೋಕೆ ಹೇಳಿ." ತಂತಿ ಇರುತ್ತಿದ್ದುದು ಗೇಣು ದೂರದಲ್ಲಿ!

ಈ ಸಲದ ಬೋರ್ಡೂ ಸುಟ್ಟುಹೋದದ್ದರ ಹಾಗೆ ಬಟ್ಟೆ ಒಗೆಯುವ ಕಾರ್ಖಾನೆಯ ಬಾಯ್ಲರಿನ ಒತ್ತಡ ತೋರಿಸಲು. ಅದರ ಮುಂದೆ ದಿನವಿಡೀ ನಿಲ್ಲುವವನು ಕಿರಿಯಳ ಗಂಡ. ಒತ್ತಡ ಹತ್ತಾದರೆ ಸೆನ್ಸರ್ ಹತ್ತು ವೋಲ್ಟ್ ಕಳಿಸುತ್ತದೆ. ಚಿಪ್ಪು ತಡೆಯುವುದು ಮೂರೂಕಾಲು ಮಾತ್ರ. ಅದಕ್ಕೇ ನಡುವೆ ಎರಡು ರೆಸಿಸ್ಟರ್ ಹಾಕಿ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುವುದು, ಪ್ರೋಗ್ರಾಂನಲ್ಲಿ ಮತ್ತೆ ನಾಲ್ಕರಿಂದ ಗುಣಿಸುವುದು. ಎರಡು ಸಲವೂ ಈ ಲೆಕ್ಕ ಕಿರಿಯಳದೇ.

ಕಳಿಸುವ ಮುಂಚೆ ಹತ್ತು ವೋಲ್ಟ್ ಕೊಟ್ಟು ನೋಡಿದಳು. ಪರದೆಯ ಮೇಲೆ ಎಂಟು! ಹೀಗೇ ಕಳಿಸಿದ್ದರೆ, ಎಂಟೇ ಇದೆಯೆಂದು ನಂಬಿ ಗಂಡ ಇನ್ನಷ್ಟು ಉರಿ ಏರಿಸುತ್ತಿದ್ದ. ಬೋರ್ಡು ತಿರುಗಿಸಿ ನೋಡಿದರೆ ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟಿಗಳೇ ಬೇರೆ. ಮಾತು ಬಿಟ್ಟಿದ್ದೂ ಮರೆತುಹೋಯಿತು.

"ಅಕ್ಕಾ, ಇದನ್ಯಾಕೆ ಬದಲಾಯಿಸಿದ್ರಿ? ಅಲ್ಲಿ ನಿಂತಿರೋರು ನನ್ನ ಗಂಡ!"

ಹಿರಿಯಳು ತಲೆ ಎತ್ತಲಿಲ್ಲ. "ಐದರಲ್ಲಿ ಒಂದು ಪಾಲು ಮಾಡಿದೀನಿ. ಬೆಳಗ್ಗೆನೇ ಅತ್ತೆಗೆ ಹೇಳಿದ್ದೆ."

ಅತ್ತೆ ಹಣೆ ಚಚ್ಚಿಕೊಂಡರು. "ನಿಮ್ಮ ನಾಲ್ಕು-ಐದು ನನ್ನ ತಲೇಲಿ ನಿಲ್ಲುತ್ತಾ? ಮರೆತೇ ಹೋಯ್ತು ಕಣ್ರೇ. ನಿಮ್ಮಿಬ್ಬರ ಬಾಯಿಗೇನು ಧಾಡಿ?"

"ನನ್ನ ಗಂಡನ ಜೀವ ಅತ್ತೆ ಕೈಗೆ ಕೊಟ್ಟು ಕೂತಿದ್ರಾ?" ಎಂದು ಕಿರಿಯಳು ಕೂಗಿದಳು.

"ಅವನು ನನಗೇನು ಹೊರಗಿನವನಾ? ನನ್ನ ಮೈದುನ. ಆ ಸೆನ್ಸರ್ ಒಮ್ಮೊಮ್ಮೆ ಹದಿನಾಲ್ಕಕ್ಕೆ ಹಾರುತ್ತೆ. ನಿನ್ನ ನಾಲ್ಕು ಪಾಲಿನ ಲೆಕ್ಕದಲ್ಲಿ ಮೂರೂವರೆ ಒಳಗೆ ಹೋದ್ರೆ ಚಿಪ್ಪು ಸುಡದೆ ಇನ್ನೇನಾಗುತ್ತೆ? ಈಗ ಹೇಳು, ಹೋದ ಸಲ ಬೋರ್ಡು ಸುಟ್ಟಿದ್ದು ಯಾರ ಕೈಕೆಲಸದಿಂದ?"

ಕಿರಿಯಳ ಮುಖ ಕೆಂಪೇರಿತು. ಹೌದು, ತಪ್ಪು ಅವಳ ಲೆಕ್ಕದ್ದೇ. ನಾಲ್ಕನ್ನು ಅಳಿಸಿ ಐದು ಬರೆದಳು, ಮತ್ತೆ ಹತ್ತು ವೋಲ್ಟ್ ಕೊಟ್ಟಳು. ಪರದೆ ಹತ್ತು ತೋರಿಸಿತು. ಹಿರಿಯಳು ಕೈಕಟ್ಟಿ ಕಾಯುತ್ತಲೇ ಇದ್ದಳು. 'ತಪ್ಪಾಯ್ತು' ಅನ್ನುವ ಒಂದು ಮಾತು ಸಾಕಿತ್ತು.

"ಅತ್ತೆ," ಎಂದಳು ಕಿರಿಯಳು ಗೋಡೆ ನೋಡುತ್ತ, "ಬೋರ್ಡು ಪ್ಯಾಕ್ ಮಾಡಬಹುದು ಅಂತ ಅವರಿಗೆ ಹೇಳಿ."