ಚಂದ್ರಕಾಳಿ ಸೀರೆಯ ಕಪ್ಪು

ಗೋಪನಕೊಪ್ಪದಲ್ಲಿರುವ ನನ್ನ ಫೋಟೊ ಪ್ರಿಂಟಿಂಗ್ ಅಂಗಡಿಗೆ ಹೆಣ್ಣುಮಗಳೊಬ್ಬರು ಮೊಬೈಲ್ ಹಿಡಿದು ಬಂದರು. ತೀರಿಕೊಂಡ ತಾಯಿ ಕಪ್ಪು ಚಂದ್ರಕಾಳಿ ಸೀರೆ ಉಟ್ಟು ಕುಳಿತ ಫೋಟೊ ಅದರಲ್ಲಿತ್ತು. ಸೀರೆಯ ಮೈತುಂಬ ಕಡುನೇರಳೆ ದಾರದಲ್ಲಿ ತಾಯಿಯೇ ಹಾಕಿದ ಕಸೂತಿ. ಆ ಸೀರೆಯನ್ನು ತಾಯಿಗೇ ಹೊದಿಸಿ ಮಣ್ಣಿಗೆ ಕಳಿಸಿದ್ದರಂತೆ. ಉಳಿದದ್ದು ಈ ಫೋಟೊ ಮಾತ್ರ.

ನನ್ನ ಪ್ರಿಂಟಿನಷ್ಟು ಗಟ್ಟಿ ಕಪ್ಪು ಊರಲ್ಲಿ ಇನ್ನೆಲ್ಲೂ ಸಿಗದೆಂಬ ಹೆಮ್ಮೆ ನನಗೆ. ಮೊದಲ ಪ್ರತಿಯಲ್ಲಿ ಸೀರೆ ಕಾಡಿಗೆಯ ಹಾಗೆ ಬಂತು.

“ಅಣ್ಣಾರ, ಸೀರಿ ಬಂತು ಖರೇ, ನಮ್ಮವ್ವನ ಕೈಕೆಲಸ ಎಲ್ಲಿ ಹೋತ್ರಿ?”

ಶಾಲೆ ಬೇಗ ಬಿಟ್ಟ ನಾನು ಇದನ್ನೆಲ್ಲ ಕಾಗದ ಕೆಡಿಸಿಯೇ ಕಲಿತವನು. ಪರದೆ ತೋರಿಸುವಷ್ಟು ಕಪ್ಪನ್ನು ಶಾಯಿ ತೋರಿಸಲಾರದು. ಅದರ ಮಿತಿ ದಾಟಿದ ಛಾಯೆಗಳೆಲ್ಲ ಒಂದೇ ಕಪ್ಪಾಗಿ ಕೂಡಿಬಿಡುತ್ತವೆ. ಪ್ರಿಂಟ್ ಕೊಡುವ ಮುನ್ನ ಕಂಪ್ಯೂಟರಿನಲ್ಲಿ ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಶನ್ ಎಂಬಲ್ಲಿ ಟಿಕ್ ಹಾಕಿದರೆ, ಪರದೆಯ ಕಡುಗಪ್ಪು ಶಾಯಿಯ ಕಡುಗಪ್ಪಿಗೆ ಬಂದು ನಿಲ್ಲುತ್ತದೆ. ಉಳಿದ ಛಾಯೆಗಳು ತುಸು ತುಸು ಸರಿದು ಬೇರೆಬೇರೆಯಾಗಿಯೇ ಉಳಿಯುತ್ತವೆ. ಆದರೆ ಒಟ್ಟು ಚಿತ್ರ ಸ್ವಲ್ಪ ತಿಳಿಯಾಗುತ್ತದೆ. ಅದು ನನಗೆ ಸೇರದು.

ಆದರೂ ಟಿಕ್ ಹಾಕಿದೆ. ಎರಡನೆಯ ಪ್ರತಿಯಲ್ಲಿ ಕಸೂತಿಯ ಗೋಪುರ, ತುಳಸಿಕಟ್ಟೆ ಎಲ್ಲ ಮೂಡಿದವು.

“ಕರಿ ಜರಾ ಮಾಸಿದಂಗ ಕಾಣತೈತ್ರಿ, ಅಕ್ಕಾರ,” ಎಂದೆ.

“ಮಾಸೇ ಇತ್ತ ಬಿಡ್ರಿ. ಹಬ್ಬ ಬಂದ್ರ ಅದನ್ನ ಉಡಾಕಿ ನಮ್ಮವ್ವ,” ಎನ್ನುತ್ತ ಅವರು ಹೊಲಿಗೆಗಳ ಮೇಲೆ ಬೆರಳಾಡಿಸತೊಡಗಿದರು.

ಶಾಯಿ ಇನ್ನೂ ಆರಿರಲಿಲ್ಲ. ಮುಟ್ಟಿದಷ್ಟು ಮುಟ್ಟಲಿ ಎಂದು ಇನ್ನೊಂದು ಪ್ರತಿಗೆ ಕಾಗದ ಹಾಕಿದೆ.