ಹಿಂದುಮುಂದಾದ ಬೆಣೆ

ನನ್ನ ಸೋದರತ್ತೆಯನ್ನು ಊರಲ್ಲಿ ಎಲ್ಲರೂ ದಾರದಕ್ಕ ಎನ್ನುತ್ತಾರೆ. ಹೊಲಿಗೆಯವಳೆಂದುಕೊಂಡು ಹರಿದ ಅಂಗಿ ಹಿಡಿದು ಬಂದವರೂ ಇದ್ದಾರೆ. "ಅಂಗಿ ನಂಗೊತ್ತಿಲ್ಲಪ್ಪ. ನೀನು ಬಂದ ಸ್ಕೂಟರಿನ ಹಿಂದಿನ ಚಕ್ರ ಓರೆ ಓಡ್ತಿದೆ, ಬೇಕಿದ್ರೆ ಅದನ್ನ ನೋಡ್ತೀನಿ" ಎಂದು ಅವಳು ಅವರನ್ನು ಅಲ್ಲೇ ಕೂರಿಸುತ್ತಾಳೆ.

ಗಾಡಿಗಳ ಚಕ್ರ ನೇರ ಮಾಡುವುದು ಅವಳ ಕೆಲಸ. ದೊಡ್ಡ ಅಂಗಡಿಗಳಲ್ಲಿ ಇದಕ್ಕೆ ದೀಪ ಮಿನುಗುವ ಯಂತ್ರಗಳಿವೆ. ಅತ್ತೆಯ ಶೆಡ್ಡಿನಲ್ಲಿರುವುದು ಒಂದು ಉಂಡೆ ಬಿಳಿ ದಾರ, ನಾಲ್ಕು ಕಬ್ಬಿಣದ ಕೋಲು, ಗೋಡೆ ಕಟ್ಟುವವರು ತೂಗಿಬಿಡುವಂಥ ಒಂದು ಹಿತ್ತಾಳೆ ಗುಂಡು. ದಾರವನ್ನು ಗಾಡಿಯ ಎರಡೂ ಬದಿಗೆ ಬಿಗಿದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದಳೆಂದರೆ ಯಾವ ಚಕ್ರ ಎಷ್ಟು ಸೊಟ್ಟಗಿದೆ ಎಂದು ಹೇಳಿಬಿಡುತ್ತಾಳೆ. ಶೆಡ್ಡಿನ ನೆಲವನ್ನು ಮಾತ್ರ ನೀರು ಸುರಿದು ನೋಡಿ ಮಟ್ಟ ಮಾಡಿಸಿದ್ದಾಳೆ. ಮನೆಯ ಅಡುಗೆಕೋಣೆಯ ನೆಲ ಇವತ್ತಿಗೂ ಏರುಪೇರು. ನಿಂಬೆಹಣ್ಣು ಬಿದ್ದರೆ ಬಾಗಿಲವರೆಗೂ ಉರುಳುತ್ತದೆ.

ಈ ವಿದ್ಯೆ ಅವಳಿಗೆ ಮಾವನ ಮನೆಯಿಂದ ಬಂದದ್ದು. ಮದುವೆಯಾಗಿ ಬಂದಾಗ ಶೆಡ್ಡಿನಲ್ಲಿ ದಾರ ಹಿಡಿಯುತ್ತಿದ್ದವರು ಅವಳ ಗಂಡನ ತಂದೆ. ಅವರ ಕಣ್ಣಿಗೆ ಪೊರೆ ಬಂದು ದಾರವೇ ಕಾಣದಂತಾದಾಗ, ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಎಷ್ಟು ಸಂದಿದೆ, ಹೇಳು" ಎಂದು ಅವರು ಕೇಳುವುದು, "ಒಂದು ಬಳೆ ದಪ್ಪ, ಮಾವ" ಎಂದು ಇವಳು ಹೇಳುವುದು. ಹೀಗೆ ಐದು ವರ್ಷ ನಡೆಯಿತು. ಅವರು ತೀರಿಕೊಂಡ ಮೇಲೆ ಇವಳು ಒಬ್ಬಳೇ ದಾರ ಕಟ್ಟಿದಾಗ ಲಾರಿಯವರು ಮೂಗು ಮುರಿದರು. "ಏನಕ್ಕ, ಚಕ್ರಕ್ಕೆ ಗುಂಡಿ ಹೊಲೀತೀಯಾ?" ಎಂದರು. ಹಾಗೆಂದವರೇ ಆಮೇಲೆ ಸರದಿಯಲ್ಲಿ ನಿಂತರು. ಅವಳು ಬೆಂಚು ತೋರಿಸಿ ಕೂತ್ಕೊಳ್ಳಿ ಎಂದಳು, ಅಷ್ಟೆ.

ನಾನು ಹೇಳಬೇಕೆಂದಿರುವುದು ಆಸ್ಪತ್ರೆಯ ಜೀಪಿನ ವಿಷಯ.

ಆ ಜೀಪು ವಾರಕ್ಕೆ ಮೂರು ದಿನ ನರ್ಸನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಹೊತ್ತು ಗುಡ್ಡದಾಚೆಯ ಊರುಗಳಿಗೆ ಹೋಗುತ್ತದೆ. ದಾರಿಯೆಂದರೆ ಅರ್ಧ ಕಲ್ಲು, ಅರ್ಧ ಹಳ್ಳ. ಕಲ್ಲು ಗಾಡಿಯ ಹೊಟ್ಟೆಗೆ ಬಡಿಯುತ್ತದೆಂದು ಒಂದು ತಿಂಗಳ ಹಿಂದೆ ಅತ್ತೆಯೇ ಅದನ್ನು ಗೇಣುದ್ದ ಎತ್ತರಿಸಿದ್ದಳು. ಚಕ್ರದ ಅಚ್ಚಿನ ಕೆಳಗಿದ್ದ, ಕುಲುಕು ತಡೆಯುವ ಕಮಾನು ಪಟ್ಟಿಗಳನ್ನು ಬಿಚ್ಚಿ ಅಚ್ಚಿನ ಮೇಲೆ ಕೂರಿಸಿದ್ದಳು. ಲೇತ್ ಯಂತ್ರದ ಕೆಲಸ, ಬೆಸುಗೆಯ ಕೆಲಸ ಎರಡನ್ನೂ ಮಾಡಿದವನು ಅವಳ ಗಂಡ, ನನ್ನ ಮಾವ. ಪೇಟೆಯೊಳಗೆ ನಿಧಾನವಾಗಿ ಒಂದು ಸುತ್ತು ಓಡಿಸಿ ನೋಡಿ ಕೊಟ್ಟಿದ್ದರು. ಸ್ಟೇರಿಂಗ್ ಹಗುರವಾಗಿದೆ ಎನಿಸಿದ್ದನ್ನು ಅತ್ತೆ ಹೊಸ ಗ್ರೀಸಿನ ಗುಣವೆಂದುಕೊಂಡಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ನಾನು ಶೆಡ್ಡಿನಲ್ಲಿದ್ದಾಗ ಅದೇ ಜೀಪು ಬಂತು. ಇಪ್ಪತ್ತೆಂಟು ವರ್ಷದಿಂದ ಅದೇ ದಾರಿಯಲ್ಲಿ ಗಾಡಿ ಓಡಿಸಿದ ಡ್ರೈವರ್ ಇಳಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ನರ್ಸ್ ಇಳಿಯಲೇ ಇಲ್ಲ.

"ಅಕ್ಕಾ, ಸ್ಟೇರಿಂಗ್ ಸ್ವಲ್ಪ ಬಿಗಿ ಮಾಡಿಕೊಡಿ. ಭಾರ ಆಗ್ಲಿ" ಎಂದ.

"ಯಾಕಣ್ಣ, ಏನಾಗ್ತಿದೆ?"

"ಗಾಡಿಗೇನೂ ಆಗಿಲ್ಲ. ಒಂದು ತಿಂಗಳಿಂದ ನನ್ನ ಕೈ ಸರಿಯಿಲ್ಲ. ಬೆರಳು ಅಲ್ಲಾಡಿದ್ರೆ ಸಾಕು, ಗಾಡಿ ಆ ಕಡೆ ಹಾರುತ್ತೆ. ಈ ಕಡೆ ಎಳೆದ್ರೆ ಈ ಕಡೆ. ಭಾರ ಇದ್ರೆ ನನ್ನ ನಡುಕ ಗೊತ್ತಾಗಲ್ಲ."

ನರ್ಸ್ ಒಳಗಿನಿಂದಲೇ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎರಡು ಸಲ ರಸ್ತೆ ಬಿಟ್ಟು ಅಂಚಿಗೆ ಹೋಗಿದ್ದೀವಿ ಅಕ್ಕ. ಇವರನ್ನ ಸೀಟಿಂದ ಇಳಿಸಿ ಅಂತ ಬರೆದಿಟ್ಟಿದ್ದೀನಿ. ಸಾಯಂಕಾಲ ಆಫೀಸಿಗೆ ಕೊಡ್ತೀನಿ. ಸೋಮವಾರದಿಂದ ಬೇರೆಯವರು ಬರ್ತಾರೆ. ಇವರೇ ಬೇಡಿಕೊಂಡ್ರು, ಕೊನೇ ಸಲ ಇಲ್ಲಿ ತೋರಿಸೋಣ ಅಂತ."

ಡ್ರೈವರ್ ನೆಲ ನೋಡುತ್ತಿದ್ದ.

"ಒಂದು ತಿಂಗಳಿಂದ ಹಿಂಗಿದ್ರೂ ನೀವ್ಯಾಕಣ್ಣ ಬರ್ಲಿಲ್ಲ?" ಎಂದಳು ಅತ್ತೆ.

"ನೀವು ಕೈಯಿಟ್ಟ ಗಾಡಿ ಅಲ್ವಾ ಅಕ್ಕ. ಅದ್ರಲ್ಲಿ ತಪ್ಪಿರಲ್ಲ. ನನ್ನಲ್ಲೇ ಇರ್ಬೇಕು ಅಂದ್ಕೊಂಡೆ."

ಅತ್ತೆ ನರ್ಸನ್ನು ಇಳಿಸಿ, ಜೀಪು ಹತ್ತಿ, ಇಟ್ಟಿಗೆ ಗೂಡಿನ ಪಕ್ಕದ ನೇರ ರಸ್ತೆಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸು ಬಂದಳು. ಬರುವಾಗ ಅವಳ ಮುಖದ ಬಣ್ಣ ಬೇರೆಯಾಗಿತ್ತು.

"ಬಿಗಿ ಮಾಡಲ್ಲ" ಎಂದಳು. "ಬಿಗಿ ಮಾಡಿದ್ರೆ ಇದಕ್ಕೆ ಹಟ ಬರುತ್ತೆ, ಬುದ್ಧಿ ಬರಲ್ಲ. ತಿರುಗಿಸಿ ಬಿಟ್ರೆ ಚಕ್ರ ತಾನಾಗೇ ನೇರಕ್ಕೆ ಬರ್ತಿಲ್ಲ. ಅದು ಕೈಯಿಂದ ಆಗೋ ಕಾಯಿಲೆ ಅಲ್ಲ."

ಮೊದಲು ಟೈರುಗಳ ಗಾಳಿ ನೋಡಿದಳು. ಸರಿಯಿತ್ತು. ದಾರ ಕಟ್ಟಿ ನೋಡಿದಳು. ಮುಂದಿನ ಎರಡೂ ಚಕ್ರಗಳು ನೇರವಾಗಿ ಮುಂದಕ್ಕೇ ನೋಡುತ್ತಿದ್ದವು. ಆಮೇಲೆ ಚಕ್ರ ಎಡಬಲಕ್ಕೆ ಹೊರಳುವ ಎರಡು ಕೀಲುಗಳಲ್ಲಿ ಮೇಲಿನದರಿಂದ ಹಿತ್ತಾಳೆ ಗುಂಡನ್ನು ಇಳಿಬಿಟ್ಟಳು. ಕೆಳಗಿನ ಕೀಲು ಆ ದಾರಕ್ಕಿಂತ ಒಂದು ಬೆರಳು ಮುಂದಿರಬೇಕು. ಅರ್ಧ ಬೆರಳು ಹಿಂದಿತ್ತು. ಗುಂಡಿನ ತೂಗಾಟ ನಿಲ್ಲಿಸಿ ಇನ್ನೊಮ್ಮೆ ನೋಡಿದಳು. ಹಾಗೇ ಇತ್ತು.

ಹಲಗೆ ಎಳೆದುಕೊಂಡು ಜೀಪಿನ ಅಡಿಗೆ ಹೋದಳು. ಹೊರಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಬಹಳ ಹೊತ್ತು ಅವು ಅಲುಗಲಿಲ್ಲ.

"ಏನೇ, ಅಲ್ಲೇ ನಿದ್ದೆ ಹೋದ್ಯಾ?" ಎಂದ ಮಾವ, ಲೇತಿನ ಹತ್ತಿರದಿಂದ.

ಅವಳು ಹೊರಗೆ ಬಂದಳು. "ರೀ, ಬೆಣೆ ಹಿಂದುಮುಂದಾಗಿದೆ."

ಅಚ್ಚಿಗೂ ಕಮಾನು ಪಟ್ಟಿಗೂ ನಡುವೆ ಒಂದು ಕಬ್ಬಿಣದ ಬೆಣೆ ಇರುತ್ತದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಚಕ್ರದ ಕೀಲು ಹಿಂದಕ್ಕೆ ವಾಲುವುದು ಅದರಿಂದ. ಪಟ್ಟಿ ಅಚ್ಚಿನ ಕೆಳಗಿದ್ದರೆ ದಪ್ಪ ತುದಿ ಮುಂದಕ್ಕಿರಬೇಕು. ಪಟ್ಟಿ ಮೇಲಿದ್ದರೆ ದಪ್ಪ ತುದಿ ಹಿಂದಕ್ಕೆ. ಮೂವತ್ತು ವರ್ಷ ಅತ್ತೆ ಕೂರಿಸಿದ ಬೆಣೆಗಳೆಲ್ಲ ಮೊದಲನೆಯ ಬಗೆಯವು. ಆ ದಿನ ಪಟ್ಟಿಗಳು ಮೇಲಕ್ಕೆ ಹೋಗಿದ್ದವು. ಅವಳ ಕೈ ಮಾತ್ರ ಹಳೆಯ ರೂಢಿಯಲ್ಲೇ ದಪ್ಪ ತುದಿಯನ್ನು ಮುಂದಕ್ಕಿಟ್ಟಿತ್ತು. ಕೆಲಸ ಗೊತ್ತಿಲ್ಲದವನಾಗಿದ್ದರೆ ಯಾವ ಕಡೆಗೆಂದು ಯಾರನ್ನಾದರೂ ಕೇಳುತ್ತಿದ್ದ. ಅವಳಿಗೆ ಕೇಳುವ ಅಗತ್ಯವೇ ಕಂಡಿರಲಿಲ್ಲ.

ಮಾವ ಹತ್ತಿರ ಬಂದು ದನಿ ತಗ್ಗಿಸಿದ. "ಬೆಣೆ ಸವೆದಿತ್ತು, ಬದಲಾಯಿಸಿದ್ವಿ ಅಂದ್ರಾಯ್ತು. ಯಾರು ಬಗ್ಗಿ ನೋಡ್ತಾರೆ?"

"ಬೆಣೆ ಸವೆದಿತ್ತು ಅಂದ್ರೆ ಗಾಡಿ ಹಳೇದು ಅಂತಾರೆ. ಗಾಡಿ ಹಳೇದು, ಡ್ರೈವರೂ ಹಳಬ, ಎರಡನ್ನೂ ಬದಲಾಯಿಸಿ ಅಂತಾರೆ. ನೀವು ಸುಮ್ನಿರಿ."

ಸೆರಗಿಗೆ ಕೈ ಒರೆಸಿಕೊಂಡು ನರ್ಸ್ ಮುಂದೆ ಹೋಗಿ ನಿಂತಳು. "ಸಿಸ್ಟರ್, ಸೈಕಲ್ ಓಡಿಸಿದ್ದೀರಾ?"

"ಓಡಿಸಿದ್ದೀನಿ."

"ಎರಡೂ ಕೈ ಬಿಟ್ಟು?"

ನರ್ಸ್ ಒಮ್ಮೆ ಡ್ರೈವರನ್ನು ನೋಡಿ, "ಒಂದೆರಡು ಸಲ" ಎಂದಳು.

"ಬೀಳ್ಲಿಲ್ಲ ತಾನೇ? ಮುಂದಿನ ಚಕ್ರ ಹಿಡಿಯೋ ಕವೆ ಹಿಂದಕ್ಕೆ ವಾಲಿರುತ್ತೆ. ಅದಕ್ಕೇ ಚಕ್ರ ತಾನಾಗೇ ನೇರಕ್ಕೆ ಬರುತ್ತೆ. ಈ ಜೀಪಲ್ಲಿ ಅದನ್ನ ನಾನು ಮುಂದಕ್ಕೆ ವಾಲಿಸಿಬಿಟ್ಟಿದ್ದೆ. ಇವರ ಕೈಯಲ್ಲಿ ತಪ್ಪಿಲ್ಲ. ತಪ್ಪು ನನ್ನದು. ಇಂಥ ಗಾಡಿನ ಒಂದು ತಿಂಗಳು ಆ ಗುಡ್ಡದಲ್ಲಿ ಉರುಳಿಸದೆ ಓಡಿಸಿದ್ದಾರಲ್ಲ, ನಾನಾಗಿದ್ರೆ ಮೊದಲನೇ ದಿನವೇ ಹಳ್ಳದಲ್ಲಿರ್ತಿದ್ದೆ."

ಡ್ರೈವರ್ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು, ಬೇರೆ ಯಾರದೋ ಎಂಬಂತೆ ಹೊರಳಿಸಿ ನೋಡಿದ.

"ಅಲ್ಲಾ ಅಕ್ಕಾ, ಒಂದು ತಿಂಗಳಿಂದ ನನ್ನ ಹೆಂಡ್ತಿ ದಿನಾ ಈ ಕೈಗೆ ಎಣ್ಣೆ ತಿಕ್ತಿದ್ದಾಳೆ! ನಿಮ್ಮ ಬೆಣೆಗೆ ತಿಕ್ಕಬೇಕಿತ್ತಲ್ಲ!"

ಮೊದಲು ನಕ್ಕವನು ಮಾವ. ಆಮೇಲೆ ನರ್ಸ್. ಅತ್ತೆ ನಗಲಿಲ್ಲ, ಅವಳು ಆಗಲೇ ಜಾಕಿ ತರಲು ಹೋಗಿದ್ದಳು.

ಜೀಪಿನ ಭಾರವನ್ನು ಜಾಕಿಯ ಮೇಲೆ ಎತ್ತಿ, ಬೋಲ್ಟುಗಳನ್ನು ಸಡಿಲಿಸಿ, ಎರಡೂ ಬೆಣೆಗಳನ್ನು ಹೊರಗೆಳೆದು, ತಿರುಗಿಸಿ, ದಪ್ಪ ತುದಿ ಹಿಂದಕ್ಕಿಟ್ಟು ಬಿಗಿದರು. ಒಂದೊಂದನ್ನೂ ಕೂರಿಸುವ ಮುಂಚೆ ಅತ್ತೆ "ದಪ್ಪ ಹಿಂದಕ್ಕೆ" ಎಂದು ಗಟ್ಟಿಯಾಗಿ ಹೇಳಿದಳು. "ಹಿಂದಕ್ಕೆ" ಎಂದು ಮಾವ ಮರುನುಡಿದ. ಗುಂಡು ಇಳಿಬಿಟ್ಟಾಗ ಕೆಳಗಿನ ಕೀಲು ದಾರಕ್ಕಿಂತ ಸರಿಯಾಗಿ ಒಂದು ಬೆರಳು ಮುಂದಿತ್ತು.

"ನಾನು ನೋಡ್ಬೇಕು" ಎಂದಳು ನರ್ಸ್. "ಬರೆದಿದ್ದನ್ನ ಸುಮ್ನೆ ಹರಿಯೋಕಾಗಲ್ಲ. ನನ್ನ ಜೀವ ಒಂದೇ ಅಲ್ಲ, ಲಸಿಕೆಗೆ ಕಾಯೋ ಮಕ್ಕಳಿದ್ದಾರೆ."

"ನೋಡ್ಲೇಬೇಕು" ಎಂದಳು ಅತ್ತೆ.

ಡ್ರೈವರ್ ಸೀಟಿಗೆ ಹತ್ತಿದ. ನರ್ಸ್ ಅವನ ಪಕ್ಕ, ಅತ್ತೆಯೂ ನಾನೂ ಹಿಂದೆ. ನೇರ ರಸ್ತೆಯಲ್ಲಿ ಜೀಪು ಗೆರೆ ಎಳೆದಂತೆ ಹೋಯಿತು. ಆದರೆ ಅವನ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು. ಭುಜ ಕಿವಿಯವರೆಗೂ ಏರಿತ್ತು. ಒಂದು ತಿಂಗಳ ಭಯ ಬೆಣೆಯ ಜೊತೆ ತಿರುಗಿರಲಿಲ್ಲ. ಅವನ ಹಿಡಿತಕ್ಕೆ ಜೀಪು ಒಮ್ಮೆ ಸಣ್ಣಗೆ ಅಲುಗಿತು. ನರ್ಸ್ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು.

ತಿರುವು ಬಂತು. ಅವನು ತಿರುಗಿಸಿದ.

"ಅಣ್ಣ, ಈಗ ಬಿಡಿ" ಎಂದಳು ಅತ್ತೆ.

"ಆಗಲ್ಲ ಅಕ್ಕ."

"ನನ್ನ ತಪ್ಪನ್ನ ನೀವು ಒಂದು ತಿಂಗಳು ಹಿಡ್ಕೊಂಡಿದ್ರಿ. ಸಾಕು, ಬಿಡಿ."

ಅವನ ಬೆರಳುಗಳು ಬಿಚ್ಚಿದವು. ಸ್ಟೇರಿಂಗ್ ಅವನ ಅಂಗೈಗಳ ನಡುವೆ, ಯಾರೂ ಮುಟ್ಟದೆ, ನಿಧಾನವಾಗಿ ತಿರುಗಿ ನೇರಕ್ಕೆ ಬಂದು ನಿಂತಿತು. ಜೀಪು ತಿರುವಿನಿಂದ ಹೊರಬಂದು ರಸ್ತೆಯ ನಡುವೆ ಓಡಿತು. ಅವನು ಮುಂದಿನ ತಿರುವಿನಲ್ಲೂ ಹಾಗೇ ಮಾಡಿದ. ಅದರ ಮುಂದಿನದರಲ್ಲಿ ಅವನ ಭುಜ ಇಳಿದಿತ್ತು. ಹಳ್ಳದ ಕಲ್ಲುಗಳ ಮೇಲೆ ಎರಡು ಬೆರಳಿನ ಹಿಡಿತದಲ್ಲಿ ಹಾಯಿಸಿ ಆಚೆ ದಡ ಹತ್ತಿಸಿದ. ಯಾರೂ ಕೇಳದಿದ್ದರೂ ಮತ್ತೆ ಹಿಂದಕ್ಕೂ ಹಾಯಿಸಿದ.

ಶೆಡ್ಡಿಗೆ ಬಂದ ಮೇಲೆ ನರ್ಸ್, "ಆಫೀಸಿಗೆ ಏನಂತ ಬರೀಲಿ?" ಎಂದಳು.

ಅತ್ತೆ ಕಾಗದ ತೆಗೆದುಕೊಂಡು ತಾನೇ ಬರೆದಳು: ಬೆಣೆಗಳನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆ. ಈಗ ಸರಿಪಡಿಸಿದ್ದೇನೆ. ಡ್ರೈವರಲ್ಲಿ ಯಾವ ದೋಷವೂ ಇಲ್ಲ. ಕೆಳಗೆ ಸಹಿ, ಶೆಡ್ಡಿನ ಮೊಹರು.

"ಇದನ್ನ ಆಫೀಸಲ್ಲಿ ಎಲ್ಲರೂ ಓದ್ತಾರೆ ಅಕ್ಕ. ನಿಮ್ಮ ಹೆಸರು?"

"ಓದ್ಲಿ. ಮೂವತ್ತು ವರ್ಷ ಸರಿಯಾಗಿ ಮಾಡಿದ್ದಕ್ಕೆ ನಾನು ಯಾರಿಗೂ ಬರೆದು ಕೊಟ್ಟಿಲ್ಲ. ಇದೊಂದನ್ನ ಬರೆದು ಕೊಡೋಕೆ ನಂಗೇನು ನೋವು?"

ನನ್ನ ಅತ್ತೆ ಕಟ್ಟಿದ ದಾರಗಳು ಎಷ್ಟೋ. ಅವುಗಳಲ್ಲಿ ಒಂದೂ ಆ ಮೂರು ಸಾಲಿನಷ್ಟು ನೇರವಾಗಿರಲಿಲ್ಲ ಎಂದು ನನಗೆ ಅನಿಸಿತು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ, ಓದಿದವರ ಮಾತು ಎಂದು ನಗುತ್ತಿದ್ದಳು.

ಸೋಮವಾರ ಇಳಿಹೊತ್ತಿಗೆ ಜೀಪು ಗುಡ್ಡದಿಂದ ಮರಳಿ ಬಂದು ಶೆಡ್ಡಿನ ಮುಂದೆ ನಿಂತಿತು. ಅದೇ ಡ್ರೈವರ್. ಏನೋ ಕೆಟ್ಟಿತೆಂದು ಅತ್ತೆ ಸ್ಪ್ಯಾನರ್ ಹಿಡಿದೇ ಓಡಿದಳು. ಅವನು ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡಿ ಎಂದ. ಆಮೇಲೆ ಎದೆ ಸೆಟೆಸಿ, ಕಣ್ಣಿನಲ್ಲೇ ಪಕ್ಕದ ಸೀಟು ತೋರಿಸಿದ.

ಲಸಿಕೆಯ ಖಾಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ಅರ್ಧ ತೆರೆದು, ನರ್ಸ್ ಗಾಢವಾಗಿ ನಿದ್ದೆ ಹೋಗಿದ್ದಳು.

"ಎರಡನೇ ಹಳ್ಳದಿಂದಲೇ" ಎಂದ ಅವನು, ಪಿಸುದನಿಯಲ್ಲಿ.