ಮಾವನ ಸಿಂಗಾರದ ಡಬ್ಬಿ

ಮೊನ್ನೆ ಅಟ್ಟದ ಮೇಲಿನ ಹಳೇ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಹೊಗೆಸೊಪ್ಪಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಮ್ಮ ಮನೆಯಲ್ಲಿ ಬೀಡಿ ಸೇದುವವರಿಲ್ಲ, ಎಲೆಗೆ ಜರ್ದಾ ಹಾಕುವವರೂ ಇಲ್ಲ. ನಮ್ಮ ಯಜಮಾನರಂತೂ ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ತಂಬಾಕು ಬಿಡಿರೆಂದು ಊರಿಗೆಲ್ಲ ಪಾಠ ಹೇಳಿ ನಿವೃತ್ತರಾದವರು. ಅವರು ಟ್ರಂಕಿನೊಳಗಿನ ಬಿಸ್ಕೀಟಿನ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ಇನ್ನೂ ಇಟ್ಟೀಯೇನ ಇದನ್ನ? ಹೊರಗ ಗುಜರಿಯಾವ ಬಂದಾನ, ಕೊಟ್ಟು ಕಳಸ್ತೀನಿ ತಡಿ" ಎಂದರು. ನಾನು ಡಬ್ಬಿಯ ಇನ್ನೊಂದು ಬದಿ ಹಿಡಿದುಕೊಂಡೆ. ಅರವತ್ತರ ಹತ್ತಿರ ಬಂದ ಹೆಂಗಸು ಹೊಗೆಸೊಪ್ಪಿನ ಡಬ್ಬಿಗಾಗಿ ಗಂಡನ ಜೊತೆ ಜಗ್ಗಾಡುವುದು ನೋಡುವುದಕ್ಕೆ ಚೆಂದವೇನಲ್ಲ. ಆದರೆ ಅದರ ಕಥೆ ಕೇಳಿದರೆ ನೀವೂ ನನ್ನ ಕಡೆಗೇ ಜಗ್ಗುತ್ತೀರಿ.

ಮಸ್ಕಿಯಿಂದ ಸಿಂಧನೂರಿಗೆ ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮಾವನವರಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಮೂರು ಹೊತ್ತು ಲಿಂಗಪೂಜೆ, ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಧೋತರ. ಬಂದ ಮೊದಲ ವಾರವೇ ಅತ್ತೆ ನಡುಮನೆಯ ಟ್ರಂಕು ತೋರಿಸಿ, "ಅದನ್ನ ಮಾತ್ರ ಮುಟ್ಟಬ್ಯಾಡ ಯವ್ವಾ, ಅದರಾಗ ನಿಮ್ಮ ಮಾವನ ಸಿಂಗಾರ ಐತಿ" ಎಂದರು. ನನಗೆ ನಿದ್ದೆ ಬರಲೊಲ್ಲದು. ಇಂಥ ಶಿವಭಕ್ತರು ಟ್ರಂಕಿನಲ್ಲಿ ಸ್ನೋ, ಪೌಡರು, ಅತ್ತರು ಇಟ್ಟುಕೊಂಡಿದ್ದಾರೆಯೇ? ಮುಟ್ಟಬೇಡ ಎಂದದ್ದನ್ನು ಮುಟ್ಟುವುದು ನನ್ನ ತವರಿನ ಬಳುವಳಿ. ಅತ್ತೆ ಸಂತೆಗೆ ಹೋದಾಗ ತೆರೆದೆ. ಬಿಸ್ಕೀಟಿನ ಡಬ್ಬಿಯಲ್ಲಿ ಬಿಳಿ ಬಟ್ಟೆ ಸುತ್ತಿ ಸಾಲಾಗಿ ಮಲಗಿಸಿದ್ದ ಕಂದು ಬಣ್ಣದ ದಪ್ಪ ದಪ್ಪ ಕಡ್ಡಿಗಳು. ಇಷ್ಟು ದೊಡ್ಡ ದಾಲ್ಚಿನ್ನಿ ನಾನು ಕಂಡೇ ಇರಲಿಲ್ಲ. ಮಸಾಲೆಗೆಂದು ಒಂದನ್ನು ಮುರಿಯಲು ಹೊರಟಿದ್ದೆ, ಅಷ್ಟರಲ್ಲಿ ಸೀನು ಬಂದು ಉಳಿಯಿತು.

ಸಿಂಗಾರವೆಂದರೆ ಸಿಗಾರು. ಅತ್ತೆಯ ನಾಲಿಗೆಗೆ ಆ ಪದ ಹಾಗೆ ಒಗ್ಗಿತ್ತು. ನಾನೊಮ್ಮೆ ಚುಟ್ಟಾ ಎಂದದ್ದಕ್ಕೆ ಮಾವ ಬೇಜಾರು ಮಾಡಿಕೊಂಡರು. "ಚುಟ್ಟಾ ಅನಬ್ಯಾಡವ್ವಾ. ಚುಟ್ಟಾ ಬಜಾರದಾಗ ಸಿಗತಾವ. ಇವು ಹೈದರಾಬಾದಿಂದ ಬಂದಾವ." ಪ್ರತಿ ರವಿವಾರ ಪೂಜೆ ಮುಗಿಸಿ, ಗವಾಕ್ಷಿಯ ಬೆಳಕು ಬೀಳುವಲ್ಲಿ ಟ್ರಂಕು ಎಳೆದುಕೊಂಡು ಕೂತು, ಒಂದೊಂದನ್ನೇ ಎತ್ತಿ ಮೂಸಿ, ಒರೆಸಿ, ಮತ್ತೆ ಮಲಗಿಸುತ್ತಿದ್ದರು. ಒಂದನ್ನೂ ಹಚ್ಚುತ್ತಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಮಾಸ್ತರರ ಪಾಠ ಶುರುವಾಗುತ್ತಿತ್ತು. "ಅಪ್ಪಾ, ಇದು ಬರೇ ವಿಷ. ಮನಿಯಾಗ ಇಟ್ಕೊಳ್ಳೋದೂ ತಪ್ಪು." ಮಾವ, "ಹೌದಪಾ ಮಾಸ್ತರ, ವಿಷಾನ ನೋಡು" ಎಂದು ಒಪ್ಪಿಕೊಂಡು ಮುಂದಿನದನ್ನು ಮೂಸುತ್ತಿದ್ದರು. ಮಗ ಸಿಟ್ಟಿಗೆದ್ದು ಹೊರಗೆ ಹೋಗುವುದು, ಅತ್ತೆ ಒಳಗೊಳಗೇ ನಗುವುದು ವಾರವಾರದ ಕಾರ್ಯಕ್ರಮವಾಗಿತ್ತು.

ನಮ್ಮದು ಮಣ್ಣಿನ ಮಾಳಿಗೆ. ಗವಾಕ್ಷಿಯೆಂದರೆ ಆ ಮಾಳಿಗೆಯಲ್ಲಿ ಬಿಟ್ಟ ಕಿಂಡಿ. ಬೆಳಕು ಒಳಗೆ ಬರುತ್ತದೆ, ಒಲೆಯ ಹೊಗೆ ಹೊರಗೆ ಹೋಗುತ್ತದೆ, ಮಳೆಗೂ ಅದು ಬೇಡ ಅನ್ನುವುದಿಲ್ಲ. ಮೋಡ ಕಂಡ ಕೂಡಲೇ ಮೇಲೆ ಹತ್ತಿ ಅದಕ್ಕೆ ತಗಡು ಮುಚ್ಚುವುದು ಮನೆಯ ಸೊಸೆಯ ಕೆಲಸ. ಮದುವೆಯಾದ ಮರುವರ್ಷ, ಜೂನಿನ ಮಿರಗದ ಮಳೆಯ ಒಂದು ಸೋಮವಾರ. ಮಾವ ನೆಂಟರ ಮನೆಯ ನಿಶ್ಚಯಕ್ಕೆಂದು ಬೆಳಿಗ್ಗೆಯೇ ಲಿಂಗಸುಗೂರಿನ ಬಸ್ಸು ಹತ್ತಿದ್ದರು. ಯಜಮಾನರು ಸಾಲಗುಂದದ ಸಾಲೆಗೆ ಸೈಕಲ್ ತುಳಿದಿದ್ದರು. ಅತ್ತೆ ಹಿತ್ತಿಲ ಕೋಣೆಯಲ್ಲಿ ನಿದ್ದೆ ಹೋಗಿದ್ದರು. ನಾನು ಪಕ್ಕದ ಮನೆಯ ಪಡಸಾಲೆಯಲ್ಲಿ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆ. ಅದರ ನಾಯಕಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. ಅವಳಿಗಾಗಿ ನಾನು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ನಮ್ಮ ಮನೆಯೂ ನೆನೆಯುತ್ತಿತ್ತು.

ಓಡಿ ಬಂದು ನೋಡಿದರೆ, ಗವಾಕ್ಷಿಯಿಂದ ಕೆಂಪು ನೀರು ಕೊಡದಲ್ಲಿ ಸುರಿದಂತೆ ಟ್ರಂಕಿಗೇ ಬೀಳುತ್ತಿದೆ. ಹಿಂದಿನ ದಿನ ರವಿವಾರ. ಮಾವ ಊರಿಗೆ ಹೊರಡುವ ತಯಾರಿಯ ಅವಸರದಲ್ಲಿ ಟ್ರಂಕನ್ನು ಅಲ್ಲೇ ಬಿಟ್ಟಿದ್ದರು, ಡಬ್ಬಿಯ ಮುಚ್ಚಳವನ್ನೂ ಟ್ರಂಕಿನ ಮುಚ್ಚಳವನ್ನೂ ಸರಿಯಾಗಿ ಹಾಕಿರಲಿಲ್ಲ. ಸಿಗಾರುಗಳು ಮಾಳಿಗೆ ಮಣ್ಣಿನ ನೀರಲ್ಲಿ ತೇಲುತ್ತಿದ್ದವು. ಅತ್ತೆಗೆ ಇದರಿಂದ ಖುಷಿಯಾದೀತು, ಪೀಡೆ ತೊಲಗಿತು ಅಂದಾರು ಎಂದು ನಾನೊಂದು ಲೆಕ್ಕ ಹಾಕಿದ್ದೆ. ಆಕೆ ನೋಡಿದವರೇ ಗೋಡೆ ಹಿಡಿದು ಕೂತುಬಿಟ್ಟರು.

"ಎಂಥಾ ಕೆಲಸ ಮಾಡಿದ್ಯಬೇ? ಅವು ಅವರ ಮಗನ ವರ್ಷ."

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ಒಂದೊಂದನ್ನೇ ನೀರಿನಿಂದ ಎತ್ತುತ್ತ ಹೇಳಿದರು. ನಮ್ಮ ಯಜಮಾನರು ಒಂಬತ್ತು ತಿಂಗಳ ಕೂಸಿದ್ದಾಗ ಉಸಿರು ಕಟ್ಟುವ ಕೆಮ್ಮು ಬಂದು ಮೈ ನೀಲಿಗಟ್ಟಿತ್ತಂತೆ. ಮಾವ ಆಗ ದಿನಕ್ಕೆ ಕಟ್ಟುಗಟ್ಟಲೆ ಚುಟ್ಟಾ ಸೇದುವವರು. ಮನೆಯಲ್ಲಿ ಹೊಗೆ ಆಡಬಾರದೆಂದರಂತೆ ಡಾಕ್ಟರು. ಮಾವ ಅಂಗೈಯಲ್ಲಿ ಲಿಂಗ ಹಿಡಿದು, ಕೂಸು ಉಳಿದರೆ ಇನ್ನು ಹೊಗೆ ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಕೂಸು ಉಳಿಯಿತು. ಅದರ ಮೊದಲ ಹುಟ್ಟಿದಹಬ್ಬಕ್ಕೆ, ಅರಿವೆ ಖರೀದಿಗೆ ಹೈದರಾಬಾದಿಗೆ ಹೋದವರು ಒಂದು ಸಿಗಾರು ತಂದರು. ಅತ್ತೆ ಗಾಬರಿಯಾದರೆ, "ಸೇದಂಗಿಲ್ಲ ಅಂತ ಆಣಿ ಮಾಡೀನಿ, ಇಟ್ಕೊಳ್ಳಂಗಿಲ್ಲ ಅಂತ ಮಾಡಿಲ್ಲ" ಎಂದರಂತೆ. ಅಲ್ಲಿಂದ ವರ್ಷಕ್ಕೊಂದು. ಈಗ ಇಪ್ಪತ್ತೇಳು.

ನಾನು ನೆನೆಸಿದ್ದು ಹೊಗೆಸೊಪ್ಪನ್ನಲ್ಲ, ನನ್ನ ಗಂಡನ ಆಯುಷ್ಯವನ್ನೇ. ಮಾವ ಗುರುವಾರ ಬರುವವರು. ಅಷ್ಟರೊಳಗೆ ಇಪ್ಪತ್ತೇಳೂ ಮೊದಲಿನಂತಾಗಬೇಕು.

ಹೆಂಗಸರಿಗೆ ಒದ್ದೆಯದನ್ನು ಒಣಗಿಸುವ ವಿದ್ಯೆ ಒಂದೇ. ಮಂಗಳವಾರ ಬಿಸಿಲು ಬಿದ್ದದ್ದೇ ಅಂಗಳದಲ್ಲಿ ಹೊರಸು ಹಾಕಿ, ಹಳೇ ಸೀರೆ ಹಾಸಿ, ಸಂಡಿಗೆ ಒಣಹಾಕಿದಂತೆ ಸಾಲಾಗಿ ಇಟ್ಟೆವು. ಕಾಗೆ ಬಾರದಿರಲೆಂದು ನಾನು ಕೋಲು ಹಿಡಿದು ಕೂತೆ. ಕಾಗೆಗೂ ಬುದ್ಧಿಯಿದೆ, ಒಂದೂ ಹತ್ತಿರ ಸುಳಿಯಲಿಲ್ಲ. ಸಂಜೆಯ ಹೊತ್ತಿಗೆ ಸಿಗಾರುಗಳು ಹಿಮ್ಮಡಿಯಂತೆ ಬಿರಿದು, ಮೇಲಿನ ಎಲೆ ಪಟಪಟ ಏಳತೊಡಗಿತು. ಒಂದಂತೂ ಪೂರ್ತಿ ಬಿಚ್ಚಿಕೊಂಡಿತು. ಸಾಲೆಯಿಂದ ಬಂದ ಯಜಮಾನರು ಬಾಗಿಲಲ್ಲೇ ಮೂಗರಳಿಸಿ, "ಏನಿದು ವಾಸನಿ?" ಎಂದರು. "ಕಾಳಿಗೆ ಹುಳ ಹತ್ಯಾವ, ಹೊಗಿಸೊಪ್ಪು ಇಟ್ಟೀವಿ" ಎಂದರು ಅತ್ತೆ. ಮಗನೆದುರು ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಅತ್ತೆಯ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು.

ಬುಧವಾರ ನಮ್ಮನ್ನು ಕಾಪಾಡಿದವಳು ಸುಬ್ಬಮ್ಮ. ತುರ್ವಿಹಾಳದ ಕಡೆಯ ಕ್ಯಾಂಪಿನಿಂದ ವಾರಕ್ಕೊಮ್ಮೆ ತುಪ್ಪ ತರುತ್ತಿದ್ದ ಮುದುಕಿ. ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು ಅದು, ಇವಳೂ ಅವರಲ್ಲೊಬ್ಬಳು. ಚುಟ್ಟಾದ ಬೆಂಕಿಯ ತುದಿಯನ್ನೇ ಬಾಯೊಳಗಿಟ್ಟು ಸೇದುವುದು ಅವಳ ಕಡೆಯ ಹೆಂಗಸರ ರೂಢಿ. ಮೊದಲ ಸಲ ಅದನ್ನು ನೋಡಿ ನಾನು ನೀರಿನ ತಂಬಿಗೆ ಹಿಡಿದು ಓಡಿಹೋಗಿದ್ದೆ. ಅವಳು ನಮ್ಮ ಹೊರಸು ನೋಡಿ ತಲೆ ಚಚ್ಚಿಕೊಂಡಳು.

"ಅಯ್ಯೋ ರಾಮಾ! ಹೊಗಾಕು ಎಂಡದಾಗ, ಬಿಸಿಲಾಗ ಇಡ್ತಾರೇನಮ್ಮಾ? ಇದೇನು ಹಪ್ಪಳಾನಾ? ನೆರಳು ಬೇಕು, ಮೆಲ್ಲಗ, ಮೆಲ್ಲಗ."

ಮಣ್ಣಿನ ಗಡಿಗೆ ತರಿಸಿ, ಒಳಗೆ ಭತ್ತದ ಹುಲ್ಲು ಹಾಸಿ, ಸಿಗಾರುಗಳನ್ನು ಮಲಗಿಸಿ, ಬಾಯಿಗೆ ಹಿಂಡಿದ ಒದ್ದೆ ಬಟ್ಟೆ ಕಟ್ಟಿದಳು. ಗುರುವಾರ ಬೆಳಿಗ್ಗೆ ಮತ್ತೆ ಬಂದು ಬಿಚ್ಚಿದಾಗ ಎಲೆಗಳು ಮೆತ್ತಗಾಗಿದ್ದವು. ಅಂಟಿಗೆ ಗಂಜಿ ಬೇಕೆಂದಳು. ಅತ್ತೆ ಜೋಳದ ಗಂಜಿ ತಂದರೆ, "ಇದು ಕುಡಿಯೋದಕ್ಕ, ಅಂಟೋದಕ್ಕ ಅನ್ನದ ಗಂಜೀನೇ" ಎಂದು ವಾಪಸು ಕಳಿಸಿದಳು. ಜೋಳದ ಮಾನ ಹೋಯಿತೆಂದು ಅತ್ತೆ ಗೊಣಗುತ್ತ ಅನ್ನ ಕಿವುಚಿದರು. ಬಿಚ್ಚಿಹೋಗಿದ್ದ ಒಂದರ ಎಲೆಯನ್ನೇ ಉಗುರಿನಷ್ಟುದ್ದ ಹರಿದು, ಉಳಿದ ಇಪ್ಪತ್ತಾರರ ಬಿರುಕುಗಳಿಗೆ ಸುಬ್ಬಮ್ಮ ತೇಪೆ ಹಚ್ಚಿದಳು. ಕೊನೆಗೆ ಉಳಿದ ಪುಡಿಯನ್ನು ತನ್ನ ಎಲೆಯಲ್ಲಿ ಸುತ್ತಿ, "ನನ್ನ ಕೂಲಿ" ಎಂದು ಹಚ್ಚಿ, ಬೆಂಕಿಯನ್ನು ಬಾಯೊಳಗಿಟ್ಟುಕೊಂಡಳು.

ಆಗಲೇ ಮಾವ ಹೊಸ್ತಿಲಲ್ಲಿ ನಿಂತಿದ್ದರು.

ಇಪ್ಪತ್ತೇಳು ವರ್ಷ ಚುಟ್ಟಾದ ಹೊಗೆ ಕಾಣದ ಮನೆಯಲ್ಲಿ ಹೊಗೆ. ಹೊರಸಿನ ಮೇಲೆ ಅವರ ಡಬ್ಬಿ, ಗಂಜಿಯ ಬಟ್ಟಲು. ಮಾವ ಚೀಲ ಕೆಳಗಿಟ್ಟು, ಸುಬ್ಬಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ಸಣ್ಣ ದನಿಯಲ್ಲಿ, "ಹೆಂಗೈತಿ?" ಎಂದು ಕೇಳಿದರು.

ಅವಳು ಬಾಯಿಂದ ತೆಗೆದು, ನೋಡಿ, "ಏಮುಂದಿ ಸಾಮೀ, ಏನೂ ಇಲ್ಲ, ನೀರು ಕುಡಿದ ಹೊಗಾಕು. ನಮ್ಮ ಚುಟ್ಟಾನೇ ಮೇಲು" ಎಂದಳು.

ಮಾವ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಡಬ್ಬಿ ಎಳೆದುಕೊಂಡು ಎಣಿಸಿದರು. ನಾನು ತಡೆಯಲಾರದೆ, "ಮಾವಾ, ಒಂದು ಹೋಗೇತ್ರೀ, ನನ್ನಿಂದನ ಹೋತು" ಎಂದು ಅತ್ತುಬಿಟ್ಟೆ. ಅತ್ತೆ ಕೂಡಲೇ, "ಅವ ಗಣಿತದಾಗ ನಪಾಸಾದ ವರ್ಷದ್ದು ಹೋತು ಅಂತ ತಿಳ್ಕೋರಿ" ಎಂದರು. "ಹಂಗಾದ್ರ ಛಲೋನ ಆತು," ಎಂದ ಮಾವ ನನ್ನ ಕಡೆ ತಿರುಗಿದರು. "ಯಾಕ ಅಳತೀಯವ್ವಾ? ಅವ ಅದಾನಲ್ಲ. ಆದ್ರ ಇದನ್ನ ಅವಗ ಹೇಳಬ್ಯಾಡ. ಅಪ್ಪ ತನ್ನ ಸಲುವಾಗಿ ಏನರ ಬಿಟ್ಟಾನ ಅಂದ್ರ ಮಕ್ಕಳಿಗೆ ಭಾರ ಆಗತೈತಿ." ನಾನು ಮಾತು ಕೊಟ್ಟೆ. ಮುಂದೆ ಹತ್ತು ವರ್ಷ, ಮಾವ ತೀರಿಕೊಳ್ಳುವ ತನಕ, ರವಿವಾರದ ಪಾಠ ನಡೆದೇ ಇತ್ತು. ನಾನು ಒಳಗೆ ಕೂತು ಕೇಳುತ್ತಿದ್ದೆ, ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನು ನುಂಗುತ್ತಿದ್ದೆ.

ಮೊನ್ನೆ ಮಾತ್ರ ನುಂಗಲಾಗಲಿಲ್ಲ. ಹೊರಗೆ ಗುಜರಿಯವನು ಕೂಗುತ್ತಿದ್ದ, ಯಜಮಾನರ ಕೈ ಡಬ್ಬಿಯ ಮೇಲಿತ್ತು. ಮಾವನಿಗೆ ಕೊಟ್ಟ ಮಾತು ಮುರಿದು ಎಲ್ಲ ಹೇಳಿಬಿಟ್ಟೆ. ಅವರು ಮೊದಲು, "ಕೆಮ್ಮಿಗೂ ಆಣಿಗೂ ಏನ ಸಂಬಂಧ?" ಎಂದು ಮಾಸ್ತರರಂತೆ ವಾದಕ್ಕೆ ಹೊರಟರು. ಅರ್ಧಕ್ಕೇ ನಿಲ್ಲಿಸಿ, ನೆಲದ ಮೇಲೆ ಕೂತು ಎಣಿಸಿದರು. ಮೂವತ್ತಾರು. ಮತ್ತೆ ಎಣಿಸಿದರು.

"ಅಪ್ಪ ಹೋದಾಗ ನನಗ ಮೂವತ್ತೇಳು. ಒಂದೆಲ್ಲಿ?"

ಒಂದು ಸಿಗಾರನ್ನು ಬೆಳಕಿಗೆ ಹಿಡಿದು ತೇಪೆ ತೋರಿಸಿದೆ. ಅವರು ಅದರ ಮೇಲೆ ಬೆರಳಾಡಿಸಿದರು. ಗುಜರಿಯವನು ಎರಡು ಸಲ ಕೂಗಿ, ಮುಂದಿನ ಓಣಿಗೆ ಹೋದ.

"ಒಂಬತ್ತು ತಿಂಗಳಿತ್ತು ಅಂದಿಯಲ್ಲಾ ನನಗ," ಎಂದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಅಪ್ಪಗ ಆಗ ಇಪ್ಪತ್ತನಾಕು. ನಮ್ಮ ಮಗನಕಿಂತ ಸಣ್ಣಾವ. ಇನ್ನಾ ಹುಡುಗ ಇದ್ದ ನೋಡ."